ಹೆಸರು ಕೊರೆದ ಪಾತ್ರೆಗಳು

ಗೃಹಸ್ಥನು ನಡೆಯಬೇಕಾದ ದಾರಿಯನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೇ ಮೊದಲಾದ ಗ್ರಂಥಗಳು ವಿಸ್ತಾರವಾಗಿ ನಿರೂಪಿಸಿವೆ. ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ ಎಂದು ಹನ್ನೆರಡು ವ್ರತಗಳನ್ನು ಬಲ್ಲವರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಆದರೆ ಈ ವ್ರತಗಳು ನಿಜವಾಗಿ ಉಳಿದವೋ ಅಳಿದವೋ ಎಂಬುದು ತೀರ್ಮಾನವಾಗುವುದು ಪ್ರವಚನ ಮಂಟಪದಲ್ಲಿ ಅಲ್ಲ; ಅಡುಗೆಮನೆಯ ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ಅಂಗಡಿಯ ತಕ್ಕಡಿಯ ಬಳಿ. ಅಲ್ಲಿ ಅವನ್ನು ಕಾಪಾಡಿದವರು ಬಹುಮಟ್ಟಿಗೆ ನಮ್ಮ ತಾಯಂದಿರು. ಅಂಥ ಒಬ್ಬ ತಾಯಿಯ ದೀರ್ಘಜೀವನವನ್ನು ಇಲ್ಲಿ ಸ್ಮರಿಸಲಾಗಿದೆ. ಅವರ ಹೆಸರನ್ನು ಹೇಳುವ ಅಗತ್ಯವಿಲ್ಲ. ಹೇಳಿದರೆ ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ.

ಆ ತಾಯಿ ಹುಟ್ಟಿದ್ದು 1922ರಲ್ಲಿ, ನಾಗಮಂಗಲ ಸೀಮೆಯ ಒಂದು ಸಣ್ಣ ಊರಿನಲ್ಲಿ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ರಾಗಿ ಹುರುಳಿಗಳೇ ಗತಿ ಎಂಬಂಥ ಬಯಲುಸೀಮೆ ಅದು. ನೀರಿನ ಬೆಲೆಯನ್ನು ಅವರು ಬಾಲ್ಯದಲ್ಲಿಯೇ ಅರಿತಿದ್ದರು. ಬಾವಿಯಿಂದ ಸೇದಿದ ನೀರನ್ನು ಇಮ್ಮಡಿ ಮಡಿಸಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು ಅದೇ ಬಾವಿಗೆ ಮೆಲ್ಲನೆ ಇಳಿಬಿಡುವ ಪದ್ಧತಿಯನ್ನು ತವರಿನಲ್ಲಿ ಕಲಿತು ಬಂದರು. ನಾಲ್ಕನೆಯ ತರಗತಿಯವರೆಗೆ ಓದಿದ್ದರು. ಅಕ್ಷರ ದುಂಡಾಗಿತ್ತು, ಲೆಕ್ಕ ಚುರುಕಾಗಿತ್ತು.

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರೂಪುಗೊಂಡ ವರ್ಷದಲ್ಲಿಯೇ ಅವರ ವಿವಾಹವಾಯಿತು. ಸೇರಿದ ಮನೆ ಕೃಷ್ಣರಾಜಪೇಟೆಯದು. ಹಿರಿಯರು ಇನ್ನೂ ಅತ್ತಿಗುಪ್ಪೆ ಎಂದೇ ಕರೆಯುತ್ತಿದ್ದ ಆ ಊರಿನಲ್ಲಿ ಪತಿಯದು ಪಾತ್ರೆಯ ಅಂಗಡಿ. ನಾಗಮಂಗಲದಲ್ಲಿ ಎರಕ ಹೊಯ್ದ ಹಿತ್ತಾಳೆಯ ಸಾಮಾನು, ಬೇರೆಡೆಯಿಂದ ಬಂದ ತಾಮ್ರದ ಹಂಡೆ, ಕಂಚಿನ ಗಂಗಾಳ ಎಲ್ಲವೂ ಅಲ್ಲಿ ಮಾರಾಟವಾಗುತ್ತಿದ್ದವು. ಮದುವೆಯ ಮರುವರ್ಷ, 1940ರಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಕಿಕ್ಕೇರಿಯ ದಾರಿಯಾಗಿ ಎತ್ತಿನ ಗಾಡಿಯಲ್ಲಿ ಹೋಗಿಬಂದರು. ಬಳಿಕ 1953, 1967, 1981, 1993, 2006ರ ಅಭಿಷೇಕಗಳನ್ನೂ ಕಂಡರು. ಹೀಗೆ ಆರು ಮಹಾಮಸ್ತಕಾಭಿಷೇಕಗಳನ್ನು ಕಂಡ ಕಣ್ಣುಗಳು ಕೊನೆಯ ವರ್ಷಗಳಲ್ಲಿ ಮಸುಕಾದಾಗ ಅವರು ಕೊರಗಲಿಲ್ಲ.

ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗ ಅಂಗಡಿಗೆ ಕುಳಿತರು, ಕಿರಿಯವರು ಓದಿ ಮೈಸೂರಿನಲ್ಲಿ ನೌಕರಿಗೆ ಸೇರಿದರು. ಹಿರಿಯ ಮಗಳನ್ನು ಪಾಂಡವಪುರಕ್ಕೂ ಕಿರಿಯಳನ್ನು ಶ್ರೀರಂಗಪಟ್ಟಣಕ್ಕೂ ಕೊಟ್ಟರು. ಆ ತಾಯಿಯ ಲೋಕವೆಂದರೆ ಈ ನಾಲ್ಕು ತಾಲೂಕುಗಳೇ. ವರ್ಷಕ್ಕೊಮ್ಮೆ ಕಂಬದಹಳ್ಳಿಯ ಪಂಚಕೂಟ ಬಸದಿಯ ದರ್ಶನ, ಮಗಳ ಮನೆಗೆ ಹೋದಾಗ ಶ್ರೀರಂಗಪಟ್ಟಣದ ಆದಿನಾಥ ಬಸದಿಯ ದರ್ಶನ. ಇದಕ್ಕಿಂತ ದೂರದ ಯಾತ್ರೆಯನ್ನು ಅವರು ಬಯಸಲಿಲ್ಲ.

ಅವರ ದಿನಚರಿಯಲ್ಲಿ ಆಡಂಬರವಿರಲಿಲ್ಲ. ಅನ್ನಕ್ಕೆ ಅಕ್ಕಿ ಅಳೆದ ಕೂಡಲೇ ಒಂದು ಮುಷ್ಟಿಯನ್ನು ಬೇರೆ ಡಬ್ಬಿಗೆ ಹಾಕುವರು. ತಿಂಗಳ ಕೊನೆಗೆ ಅದು ಯಾರದಾದರೂ ಹಸಿವಿಗೆ ಒದಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಅಭಾವ ತಲೆದೋರಿದಾಗಲೂ ಆ ಮುಷ್ಟಿ ನಿಲ್ಲಲಿಲ್ಲ. ಕೈ ಮಾತ್ರ ಸ್ವಲ್ಪ ಬಿಗಿಯಾಯಿತೆಂದು ಅವರೇ ನಗುತ್ತ ಹೇಳುತ್ತಿದ್ದರು. ಸೂರ್ಯಾಸ್ತಕ್ಕೆ ಮುಂಚೆ ಊಟ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಅಥವಾ ಏಕಭುಕ್ತ, ಜೀವದಯಾಷ್ಟಮಿಯ ನೋಂಪಿ ತಪ್ಪದೆ ನಡೆದವು. ಸೀರೆ ಎಂಟಕ್ಕಿಂತ ಹೆಚ್ಚಿರಬಾರದು ಎಂದು ಪರಿಗ್ರಹಕ್ಕೆ ಮಿತಿ ಮಾಡಿಕೊಂಡಿದ್ದರು. ಒಂಬತ್ತನೆಯದು ಉಡುಗೊರೆಯಾಗಿ ಬಂದರೆ ಎಂಟರಲ್ಲಿ ಒಂದು ಅಂದೇ ಮನೆಯಿಂದ ಹೊರಡುತ್ತಿತ್ತು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವುದು ಈ ಸೀಮೆಯ ಪದ್ಧತಿ. ಅವರ ಮನೆಯ ಮರದ ಅಚ್ಚುಗಳಲ್ಲಿ ಹೂವು, ಹಣ್ಣು, ಬೃಂದಾವನ, ಗೋಪುರಗಳಿದ್ದವೇ ಹೊರತು ಆನೆ, ಗಿಳಿ, ಮೀನುಗಳಿರಲಿಲ್ಲ. ಮೊಮ್ಮಕ್ಕಳು ಪಕ್ಕದ ಮನೆಯ ಸಕ್ಕರೆಯ ಗಿಳಿಗೆ ಆಸೆಪಟ್ಟಾಗ ಅವರು ಯಶೋಧರನ ಕಥೆಯನ್ನು ಹೇಳುವರು. ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು ಆ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿ ಮಾತ್ರ. ಆದರೂ ಸಂಕಲ್ಪದ ಹಿಂಸೆಗಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರ ತೊಳಲಿದರು. ಕಥೆ ಮುಗಿಯುವ ಹೊತ್ತಿಗೆ ಮಕ್ಕಳು ಗೋಪುರದ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡಿರುತ್ತಿದ್ದರು.

ಆದರೆ ಅವರ ಜೀವನದ ಸತ್ವವನ್ನು ಅರಿಯಬೇಕಾದರೆ ಅಂಗಡಿಯ ಒಂದು ಸಂಗತಿಯನ್ನು ಹೇಳಬೇಕು. ಪಾತ್ರೆಯ ವ್ಯಾಪಾರದಲ್ಲಿ ಹೊಸದನ್ನು ಮಾರುವಂತೆ ಹಳೆಯದನ್ನು ಕೊಳ್ಳುವುದೂ ಉಂಟು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಳ್ಳಿಯ ಜನ ಮನೆಯ ಬಿಂದಿಗೆ, ಹಂಡೆ, ತಪ್ಪಲೆಗಳನ್ನು ತಂದು ತೂಕಕ್ಕೆ ಹಾಕುತ್ತಿದ್ದರು. ಹಳೆಯ ಲೋಹಕ್ಕೆ ಹೊಸದರ ಬೆಲೆಯಿಲ್ಲ. ವರ್ತಕನು ಆ ದಿನದ ದರದಂತೆ ಕೊಟ್ಟು ಅದನ್ನು ಎರಕದವರಿಗೆ ಕಳಿಸುತ್ತಾನೆ. ಅದು ಕರಗಿ ಬೇರೊಂದು ಪಾತ್ರೆಯಾಗಿ ಬರುತ್ತದೆ. ಇದರಲ್ಲಿ ಮೋಸವಿಲ್ಲ; ಕಿರ್ದಿಯಲ್ಲಿ ಖರೀದಿ ಎಂದು ಬರೆದರೆ ಮುಗಿಯಿತು.

1960ರ ದಶಕದ ಮಧ್ಯಭಾಗದ ಬರದಲ್ಲಿ ಇಂಥ ಪಾತ್ರೆಗಳು ಅಂಗಡಿಯಲ್ಲಿ ರಾಶಿಬಿದ್ದವು. ಅವುಗಳಲ್ಲಿ ಹಲವದರ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು. ಮಗಳ ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟ ಪಾತ್ರೆಗೆ ಅವಳ ಹೆಸರನ್ನೂ ಊರಿನ ಹೆಸರನ್ನೂ ಕೊರೆಸುವುದು ವಾಡಿಕೆಯಷ್ಟೆ. ಒಂದು ಸಂತೆಯ ದಿನ ಒಬ್ಬ ರೈತ ಹೆಂಗಸು ಬಿಂದಿಗೆಯನ್ನು ತೂಕಕ್ಕೆ ಇಟ್ಟು, ಹಣ ಎಣಿಸಿಕೊಂಡ ಮೇಲೆ, ಆ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ ಹೊರಟುಹೋದಳು. ಒಳಬಾಗಿಲಲ್ಲಿ ನಿಂತಿದ್ದ ತಾಯಿ ಇದನ್ನು ಕಂಡರು. ಅಂದು ಸಂಜೆ ಪತಿಗೆ, ಹೆಸರಿರುವ ಪಾತ್ರೆಗಳನ್ನು ಎರಕಕ್ಕೆ ಕಳಿಸಬಾರದೆಂದು ಕೇಳಿಕೊಂಡರು.

"ದುಡ್ಡು ಕೊಟ್ಟು ಕೊಂಡದ್ದು ಕಣೆ. ಬಂಡವಾಳ ಹೀಗೆ ಮಲಗಿದರೆ ಅಂಗಡಿ ನಡೆಸೋದು ಹೇಗೆ?" ಎಂದು ಪತಿ ಕೇಳಿದರು.

"ನೀವು ಕೊಂಡದ್ದು ತೂಕಾನ. ಹೆಸರಿಗೆ ದುಡ್ಡು ಕೊಟ್ಟಿಲ್ಲವಲ್ಲ. ಒಂದು ಸುಗ್ಗಿ ಕಾಯೋಣ ಅಂದ್ರೆ" ಎಂದು ತಾಯಿ ಉತ್ತರಿಸಿದರು.

ಪತಿಯೂ ಧರ್ಮಭೀರುಗಳು, ಒಪ್ಪಿದರು. ಮುಂದಿನ ಸುಗ್ಗಿಯವರೆಗೆ ಹೆಸರಿನ ಪಾತ್ರೆಗಳನ್ನು ಹಾಗೆಯೇ ಇಡುವುದು, ಒಡೆಯರು ಬಂದರೆ ಕೊಟ್ಟಷ್ಟೇ ಹಣಕ್ಕೆ ಹಿಂದಿರುಗಿಸುವುದು, ಬಡ್ಡಿ ಕೂಡದು ಎಂಬುದು ನಿಯಮವಾಯಿತು. ಅನೇಕರು ಬಂದು ಬಿಡಿಸಿಕೊಂಡು ಹೋದರು. ಸುಗ್ಗಿ ಕಳೆದರೂ ಬಾರದವರ ಪಾತ್ರೆಗಳನ್ನು ಆ ತಾಯಿಯೇ ಅಂಗಡಿಯಿಂದ ಕೊಂಡರು. ತವರಿನವರು ಅವರಿಗೆಂದು ಬಿಟ್ಟಿದ್ದ ಎರಡು ಹುಣಸೆಮರಗಳ ಫಸಲಿನ ಹಣ ಇದಕ್ಕೆ ಒದಗಿತು. ಹೀಗೆ ಅಂಗಡಿಯ ಲೆಕ್ಕ ಚೊಕ್ಕವಾಯಿತು, ಭಾರ ಅವರ ಪಾಲಿಗೆ ಬಂದಿತು. ಒಂದು ಪುಸ್ತಕದಲ್ಲಿ ಹೆಸರು, ಊರು, ತೂಕ, ಕೊಟ್ಟ ಹಣ ಇವನ್ನು ತಾವೇ ಬರೆದಿಟ್ಟರು. ಪಾತ್ರೆಗಳನ್ನು ಅಟ್ಟದ ಮೇಲಿನ ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟರು. ಮನೆಯಲ್ಲಿ ಎಷ್ಟು ದೊಡ್ಡ ಸಮಾರಂಭ ನಡೆದರೂ ಅವುಗಳಲ್ಲಿ ಒಂದನ್ನೂ ಬಳಸಲು ಬಿಡಲಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳುವಾಗ ಸತ್ಯವ್ರತಕ್ಕೆ ನ್ಯಾಸಾಪಹಾರವೆಂಬ ಅತಿಚಾರವನ್ನು ಹೇಳಿದೆ. ಇಟ್ಟವನು ಮರೆತ ನ್ಯಾಸವನ್ನು ತನ್ನದಾಗಿಸಿಕೊಳ್ಳುವುದು ಎಂದು ಅದರ ಅರ್ಥ. ಆ ಪಾತ್ರೆಗಳು ನ್ಯಾಸವಾಗಿರಲಿಲ್ಲ, ಕ್ರಯಕ್ಕೆ ಬಂದವು. ಶಾಸ್ತ್ರದ ಅಕ್ಷರವಾಗಲಿ ಸರ್ಕಾರದ ಕಾನೂನಾಗಲಿ ಆ ಮನೆಯವರನ್ನು ಪ್ರಶ್ನಿಸುವಂತಿರಲಿಲ್ಲ. ಆದರೆ ಕಷ್ಟಕಾಲದಲ್ಲಿ ಮಾರಿದವಳ ಮನಸ್ಸು ಆ ವಸ್ತುವನ್ನು ಬಿಟ್ಟಿಲ್ಲವೆಂಬುದು ತಾಯಿಗೆ ಗೊತ್ತಿತ್ತು. ಮನಸ್ಸು ಬಿಡದ ವಸ್ತು ನ್ಯಾಸಕ್ಕೆ ಸಮಾನವೆಂದು ಅವರು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಪಂಡಿತರು ಅತಿಚಾರದ ಗಡಿಯನ್ನು ಎಲ್ಲಿ ಎಳೆಯುತ್ತಾರೋ ಅದಕ್ಕಿಂತ ಒಂದು ಗೇಣು ಈಚೆಗೇ ನಿಲ್ಲುವುದು ಅವರ ಸ್ವಭಾವವಾಗಿತ್ತು.

1971ರಲ್ಲಿ ಪತಿಯ ವಿಯೋಗವಾಯಿತು. ಸ್ಟೀಲಿನ ಪಾತ್ರೆಗಳು ಬಂದು ಹಿತ್ತಾಳೆಯ ಕಾಲ ಕ್ರಮೇಣ ಮುಗಿಯಿತು. ಪೆಟ್ಟಿಗೆ ಮಾತ್ರ ಅಟ್ಟದ ಮೇಲೆಯೇ ಇತ್ತು. 2014ರಲ್ಲಿ, 92ನೆಯ ವಯಸ್ಸಿನಲ್ಲಿ, ಆ ತಾಯಿ ಪಂಚನಮಸ್ಕಾರವನ್ನು ಕೇಳುತ್ತ ಶಾಂತರಾಗಿ ಕಣ್ಮುಚ್ಚಿದರು. ಸಲ್ಲೇಖನವು ಗುರುಗಳ ಅನುಜ್ಞೆಯಿಂದ ಕೈಕೊಳ್ಳುವ ವ್ರತ. ಅವರು ಅದನ್ನು ಕೈಕೊಂಡವರಲ್ಲ. ಎಲೆ ಹಣ್ಣಾಗಿ ಉದುರಿತು, ಅಷ್ಟೆ.

ಉತ್ತರಕ್ರಿಯೆಗಳು ಮುಗಿದ ಬಳಿಕ ಮಕ್ಕಳಲ್ಲಿ ಮಾತು ಹುಟ್ಟಿತು. ತಾಯಿಯ ಹೆಸರಿನಲ್ಲಿ ಬಸದಿಯಲ್ಲಿ ಒಂದು ದೊಡ್ಡ ಕರಿಕಲ್ಲಿನ ಫಲಕವನ್ನು ಭಾವಚಿತ್ರ ಸಹಿತ ಇರಿಸಬೇಕೆಂದು ಕಿರಿಯ ಮಗನ ಆಸೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿಯ ಮೇಲಿನ ಮೋಹವೇ ಆ ಮಾತನ್ನು ಆಡಿಸಿತ್ತು. ಪೆಟ್ಟಿಗೆಯಲ್ಲಿದ್ದ 14 ಪಾತ್ರೆಗಳನ್ನು ಮಾರಿದರೆ ವೆಚ್ಚದ ಒಂದು ಭಾಗ ಹುಟ್ಟುತ್ತದೆ, ಅವು ತಾಯಿಯ ಸ್ವಂತ ಹಣದಿಂದ ಕೊಂಡವೇ ಆದ್ದರಿಂದ ತಾಯಿಯ ಹೆಸರಿಗೇ ಸಲ್ಲುತ್ತವೆ ಎಂದೂ ಅವರು ಹೇಳಿದರು. ಲೆಕ್ಕಶಾಸ್ತ್ರದಂತೆ ಈ ವಾದದಲ್ಲಿ ದೋಷವಿರಲಿಲ್ಲ.

"ಅಣ್ಣ, ಅಮ್ಮ ಆ ಚೆಂಬುಗಳಲ್ಲಿ ಒಂದು ತೊಟ್ಟು ನೀರೂ ಕುಡಿದವರಲ್ಲ. ಅದನ್ನ ಮಾರಿ ಅಮ್ಮನ ಹೆಸರು ಬರೆಸೋದೆ?" ಎಂದು ಶ್ರೀರಂಗಪಟ್ಟಣದ ಮಗಳು ಕೇಳಿದರು. ಸಭೆ ಮೌನವಾಯಿತು. ಬೇರೆಯವರ ಹೆಸರನ್ನು ಅಳಿಸಲೊಲ್ಲದೆ 50 ವರ್ಷ ಕಾದ ತಾಯಿಯ ಹೆಸರನ್ನು, ಆ ಹೆಸರುಗಳನ್ನೇ ಕರಗಿಸಿ ಬರೆಸುವುದು ಹೇಗೆ?

ಹಿರಿಯ ಮಗ ಸ್ವಾಧ್ಯಾಯದಲ್ಲಿ ಆಸಕ್ತಿಯುಳ್ಳವರು. ತಾಯಿಯನ್ನು ಸ್ಮರಿಸಿದ ಮಗನೊಬ್ಬನ ಪ್ರಾಚೀನ ಉದಾಹರಣೆ ಹತ್ತಿರದಲ್ಲಿಯೇ, ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಇರುವುದು ಅವರಿಗೆ ನೆನಪಾಯಿತು. ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಯ ನೆನಪಿಗಾಗಿ ನಿಲ್ಲಿಸಿದ ಶಾಸನ ಅಲ್ಲಿದೆ. ಆ ಬೆಟ್ಟದ ಶಾಸನಗಳನ್ನು ಲೂಯಿ ರೈಸ್ 1889ರಲ್ಲಿಯೂ, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿಯೂ ಪ್ರಕಟಿಸಿದ್ದಾರೆ.

ಪೋಚಿಕಬ್ಬೆಯ ವಯಸ್ಸನ್ನು ಇಂದು ನೇರವಾಗಿ ಹೇಳಲು ಬಾರದು. ಆದರೆ ಆಕೆ ದೀರ್ಘಾಯುವಾಗಿದ್ದಿರಬೇಕೆಂದು ಊಹಿಸಲು ಆಧಾರವುಂಟು. ಆಕೆಯ ಪತಿ ಏಚನು ನೃಪಕಾಮ ಹೊಯ್ಸಳನ ಆಶ್ರಯದಲ್ಲಿದ್ದವನು. ನೃಪಕಾಮನ ಅನಂತರ ವಿನಯಾದಿತ್ಯ, ಎರೆಯಂಗ, ಒಂದನೆಯ ಬಲ್ಲಾಳ, ವಿಷ್ಣುವರ್ಧನ ಎಂದು ಅಧಿಕಾರವು ಮುಂದುವರಿಯಿತು. ಆಕೆ ಸಲ್ಲೇಖನದಿಂದ ದೇಹತ್ಯಾಗ ಮಾಡಿದ್ದು ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1120ರಲ್ಲಿ. ಹೊಯ್ಸಳರು ಮಲೆನಾಡಿನ ಸಣ್ಣ ಪಾಳೆಯಗಾರರಂತಿದ್ದವರು ತಲಕಾಡನ್ನು ಗೆದ್ದು ದೊಡ್ಡ ಅರಸರಾದದ್ದು ಆ ಮನೆತನದ ಕಣ್ಣೆದುರಿನಲ್ಲಿಯೇ. 1116ರ ಸುಮಾರಿನಲ್ಲಿ ಆ ಜಯವನ್ನು ತಂದವನು ಆಕೆಯ ಮಗನೇ.

ಅಷ್ಟು ದೊಡ್ಡ ಸೇನಾನಿಯು ತಾಯಿಯನ್ನು ನೆನೆಯುವಾಗ ಏನನ್ನು ಹೇಳಿದ್ದಾನೆಂಬುದು ವಿಚಾರಾರ್ಹ. ತನ್ನಂಥ ಮಗನನ್ನು ಹೆತ್ತದ್ದರ ಜೊತೆಗೆ ಆಕೆ ಬೆಳಗೊಳದಲ್ಲಿಯೂ ಇತರ ತೀರ್ಥಗಳಲ್ಲಿಯೂ ಮಾಡಿದ ದಾನಧರ್ಮಗಳನ್ನು ಶಾಸನವು ಸ್ಮರಿಸುತ್ತದೆ. ಪಂಚಪದಗಳನ್ನು ಉಚ್ಚರಿಸುತ್ತ ಆಕೆ ದೇಹವನ್ನು ಬಿಟ್ಟ ಸಂಗತಿ ಕೊನೆಯಲ್ಲಿ ಬರುತ್ತದೆ. ಅದೇ ಬೆಟ್ಟದ ಕತ್ತಲೆ ಬಸ್ತಿಯನ್ನು ಗಂಗರಾಜನು ಕಟ್ಟಿಸಿದ್ದು ತಾಯಿಗಾಗಿ ಎಂದು ಅಲ್ಲಿಯ ಆದಿನಾಥ ಬಿಂಬದ ಪೀಠದ ಲೇಖ ತಿಳಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದು. ವಿಷ್ಣುವರ್ಧನನು ಮೆಚ್ಚಿ ಪರಮವೆಂಬ ಗ್ರಾಮವನ್ನು ಕೊಟ್ಟಾಗ ಗಂಗರಾಜನು ಅದನ್ನು ತನಗೆಂದು ಇಟ್ಟುಕೊಳ್ಳಲಿಲ್ಲ. ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳ ಪೂಜಾದಿಗಳಿಗಾಗಿ ಅದನ್ನು ಬಿಟ್ಟುಕೊಟ್ಟನು. ಎಂದರೆ ತಾಯಿ ತೊಡಗಿದ ಕೆಲಸ ನಿಲ್ಲದಂತೆ ನೋಡಿಕೊಂಡನು.

ಇಂದು ಕತ್ತಲೆ ಬಸ್ತಿಯನ್ನು ಪೋಚಿಕಬ್ಬೆಯ ಬಸದಿ ಎಂದು ಕರೆಯುವವರು ವಿರಳ. ಬೆಳಕಿಂಡಿಗಳಿಲ್ಲದ ಕಾರಣಕ್ಕೆ ಬಂದ ಹೆಸರೇ ಉಳಿದಿದೆ. ಹೆಸರು ಮರೆಯಾಯಿತು, ಬಸದಿ ಉಳಿಯಿತು. 19ನೆಯ ಶತಮಾನದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿಸಿದವರು ಮೈಸೂರು ಅರಮನೆಯ ದೇವೀರಮ್ಮಣ್ಣಿ, ಕೆಂಪಮ್ಮಣ್ಣಿ ಎಂಬ ಇಬ್ಬರು ಸ್ತ್ರೀಯರು. ಒಬ್ಬ ತಾಯಿಯ ಸ್ಮಾರಕವನ್ನು ಏಳು ಶತಮಾನಗಳ ಅನಂತರ ಬೇರೆ ತಾಯಂದಿರು ಕಾಪಾಡಿದರು. ಅರಸರ, ದಂಡನಾಯಕರ ಮನೆಗಳಿಗೆ ಮಾತ್ರ ಇದು ಸಲ್ಲುವ ಮಾತಲ್ಲ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ತ್ರಿಕೂಟ ಜಿನಾಲಯವನ್ನು ಕಟ್ಟಿಸಿದ ದೇಮಿಕಬ್ಬೆಯು ನೊಳಬಿಸೆಟ್ಟಿಯೆಂಬ ವರ್ತಕನ ಮಡದಿ.

ಹಿರಿಯ ಮಗ ಇವನ್ನೆಲ್ಲ ತಮ್ಮನಿಗೂ ತಂಗಿಯರಿಗೂ ವಿವರಿಸಿದರು. ಫಲಕ ಬೇಡವೆಂದು ಯಾರೂ ಹಟ ಹಿಡಿಯಲಿಲ್ಲ. ಗಂಗರಾಜನೂ ಕಲ್ಲು ನಿಲ್ಲಿಸಿದವನೇ ಅಲ್ಲವೆ? ಮಕ್ಕಳು ತಮ್ಮತಮ್ಮ ಕೈಯಿಂದ ಹಣ ಹಾಕಿ, ಭಾವಚಿತ್ರವಿಲ್ಲದ ಒಂದು ಸಣ್ಣ ಕಲ್ಲನ್ನು ಇರಿಸಲು ನಿಶ್ಚಯಿಸಿದರು. ಅದರೊಡನೆ ಎರಡು ಕೆಲಸಗಳನ್ನು ಒಪ್ಪಿಕೊಂಡರು. ನಾಲ್ವರ ಮನೆಗಳಲ್ಲಿಯೂ ಮುಷ್ಟಿ ಅಕ್ಕಿಯ ಡಬ್ಬಿ ನಿಲ್ಲಬಾರದು. ಪೆಟ್ಟಿಗೆಯ ಪಾತ್ರೆಗಳು ಒಡೆಯರನ್ನು ಸೇರಬೇಕು.

ಎರಡನೆಯದು ಸುಲಭವಾಗಿರಲಿಲ್ಲ. ತಾಯಿಯ ಪುಸ್ತಕದಲ್ಲಿ ಊರಿನ ಹೆಸರುಗಳಿದ್ದವು. ಆದರೆ ಪಾತ್ರೆ ಮಾರಿದವರಲ್ಲಿ ಹೆಚ್ಚಿನವರು ಕಾಲವಾಗಿದ್ದರು. ಹಿರಿಯ ಮಗ ನಾಗಮಂಗಲದ ಕಡೆಯ ಹಳ್ಳಿಗಳನ್ನು ತಿರುಗಿದರು. ಪಾಂಡವಪುರದ ಮಗಳು ಆ ಕಡೆಯ ಹಳ್ಳಿಗಳಲ್ಲಿ ವಿಚಾರಿಸಿದರು. ಒಂದು ಮನೆಯವರು ಊರು ಬಿಟ್ಟು ಶ್ರೀರಂಗಪಟ್ಟಣದ ಬಳಿ ನೆಲೆಸಿರುವುದನ್ನು ಕಿರಿಯ ಮಗಳು ಪತ್ತೆ ಹಚ್ಚಿದರು. ಫಲಕದ ಆಸೆಪಟ್ಟಿದ್ದ ಕಿರಿಯ ಮಗನೇ ರಜೆಯ ದಿನಗಳಲ್ಲಿ ಬಂದು ಪಾತ್ರೆಗಳನ್ನು ತನ್ನ ಕಾರಿನಲ್ಲಿ ಒಯ್ದರು.

ನಾಗಮಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಮಧ್ಯವಯಸ್ಸಿನ ರೈತರೊಬ್ಬರು ಬಿಂದಿಗೆಯ ಕಂಠವನ್ನು ತಿರುಗಿಸಿ ಓದಿ, "ನಮ್ಮಜ್ಜಿ ಹೆಸ್ರು ಸ್ವಾಮಿ ಇದು" ಎಂದು ಅಲ್ಲಿಯೇ ಕುಳಿತುಬಿಟ್ಟರು. ಬಳಿಕ ಎಷ್ಟು ಕೊಡಬೇಕೆಂದು ಕೇಳಿದರು. ಹಿರಿಯ ಮಗ ಪುಸ್ತಕವನ್ನು ತೆರೆದು, ಅಲ್ಲಿ ಬರೆದಿದ್ದ 14 ರೂಪಾಯಿಗಳನ್ನು ಕೇಳಿ ಪಡೆದರು. ಹಾಗೆಯೇ ಕೊಟ್ಟುಬಿಡಬಹುದಿತ್ತಲ್ಲ ಎಂದು ತಮ್ಮ ದಾರಿಯಲ್ಲಿ ಕೇಳಿದಾಗ, "ಅಮ್ಮ ಅದನ್ನ ದಾನ ಅಂತ ಇಟ್ಟಿರಲಿಲ್ಲ. ಅವರು ಬಂದು ಬಿಡಿಸ್ಕೊಳ್ಳಲಿ ಅಂತ ಇಟ್ಟಿದ್ರು" ಎಂದರು. ಬಿಟ್ಟಿಯಾಗಿ ಕೊಟ್ಟಿದ್ದರೆ ಆ ರೈತರು ಋಣಿಯಾಗುತ್ತಿದ್ದರು. 14 ರೂಪಾಯಿ ಕೊಟ್ಟದ್ದರಿಂದ ಒಡೆಯರಾದರು. ಹೀಗೆ ಬಂದ ಹಣವೆಲ್ಲ ಆಹಾರದಾನಕ್ಕೆ ಸೇರಿತು.

ನಮ್ಮ ಬಸದಿಗಳ ಗೋಡೆಗಳ ಮೇಲೆ ಮಾತೃಸ್ಮರಣೆಯ ಫಲಕಗಳು ಹೆಚ್ಚುತ್ತಿವೆ. ಟ್ರಸ್ಟುಗಳಿಗೆ ಅವುಗಳಿಂದ ಜೀರ್ಣೋದ್ಧಾರಕ್ಕೆ ನೆರವಾಗುವುದರಿಂದ ಅವನ್ನು ನಿಂದಿಸಲಾಗದು. ಆದರೆ ಫಲಕದ ಹಣವನ್ನು ಸ್ವೀಕರಿಸುವಾಗ ಟ್ರಸ್ಟಿನವರು ಮಕ್ಕಳನ್ನು ಒಂದು ಮಾತು ಕೇಳುವುದು ಉಚಿತ: ನಿಮ್ಮ ತಾಯಿ ದಿನವೂ ಯಾವ ಕೆಲಸವನ್ನು ಮಾಡುತ್ತಿದ್ದರು, ಈಗ ಅದನ್ನು ಯಾರು ಮಾಡುತ್ತಿದ್ದಾರೆ? ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಒಂದಲ್ಲ ಒಂದನ್ನು ನಮ್ಮ ತಾಯಂದಿರು ಸದ್ದಿಲ್ಲದೆ ನಡೆಸಿರುತ್ತಾರೆ. ಅದನ್ನು ಗುರುತಿಸಿ ಮುಂದುವರಿಸಿದ ಮಕ್ಕಳು ಗಂಗರಾಜನ ಮಾರ್ಗದಲ್ಲಿಯೇ ನಡೆದವರಾಗುತ್ತಾರೆ.

14 ಪಾತ್ರೆಗಳಲ್ಲಿ 9 ಪಾತ್ರೆಗಳು ಸೇರಬೇಕಾದ ಮನೆಗಳನ್ನು ಸೇರಿವೆ. ಉಳಿದ 5 ಪಾತ್ರೆಗಳ ಒಡೆಯರು ದೊರೆತಿಲ್ಲ. ಅವು ಈಗ ಅಟ್ಟದಲ್ಲಿಲ್ಲ. ಹೆಸರು ಕಾಣುವಂತೆ ಅಂಗಡಿಯ ಮೇಲಿನ ಸಾಲಿನಲ್ಲಿ ಇಟ್ಟಿದ್ದಾರೆ. ಕೊಳ್ಳಲು ಕೇಳುವವರಿದ್ದಾರೆ, ಬೆಲೆಯೂ ಬರುತ್ತದೆ. ಮಾರುವುದಿಲ್ಲ. ಪ್ರತಿ ವರ್ಷ ದಶಲಕ್ಷಣ ಪರ್ವಕ್ಕೆ ಮುಂಚೆ ಹಿರಿಯ ಸೊಸೆ ಅವನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತೊಳೆದು, ಮತ್ತೆ ಸಾಲಾಗಿ ಇಡುತ್ತಾರೆ.